ಮೊದಲ ಸಾಲು ಮೂರು ಸಲ

ಹೋದ ವಾರ ಸೈಕಲ್ಲಿಗೆ ಹೊಸ ಟಯರು ಹಾಕಿಸಲು ನೆದರ್‌ಲ್ಯಾಂಡ್ಸಿನ ದ ಹೇಗ್‌ನ ಅಂಗಡಿಯೊಂದಕ್ಕೆ ಹೋಗಿದ್ದೆ. ಒಳಕ್ಕೆ ಕಾಲಿಟ್ಟದ್ದೇ ತಡ, ರಬ್ಬರಿನ ವಾಸನೆ, ಅದರ ಹಿಂದೆಯೇ ಒದ್ದೆ ಸಿಮೆಂಟಿನ ವಾಸನೆ. ನನಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಅಂಗಡಿಯವನು ಪಾಪ, ನಗುನಗುತ್ತಲೇ ಏನು ಬೇಕೆಂದು ಕೇಳಿದ. ನಾನು ಜಗಳಕ್ಕೆ ಬಂದವಳ ಹಾಗೆ ಟಯರಿನ ಅಳತೆ ಹೇಳಿ, ಸೈಕಲ್ ಅಲ್ಲೇ ಬಿಟ್ಟು, ಹೊರಗಿನ ಟ್ರಾಮ್ ನಿಲ್ದಾಣದಲ್ಲಿ ಹೋಗಿ ಕೂತೆ. ಅವನದೇನೂ ತಪ್ಪಿರಲಿಲ್ಲ. ಆ ವಾಸನೆ ಎರಡನೇ ಲಾಕ್‌ಡೌನಿನ ಚಳಿಗಾಲದ್ದು.

ಆಗ ನಾವು ಪಕ್ಕದ ಊರು ವೂರ್‌ಬರ್ಗ್‌ನಲ್ಲಿ ಮೊದಲ ಮಹಡಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ಒಂದು ಕೋಣೆ ನನ್ನ ಗಂಡ ಇಮ್ತಿಯಾಜರ ಆಫೀಸಾಗಿತ್ತು. ಇನ್ನೊಂದು, ಏಳು ವರ್ಷದ ಮಗಳು ಆಲಿಯಾಳ ಶಾಲೆ. ಅಡುಗೆಮನೆ ಎನ್ನುವುದು ಹಾಲಿನದೇ ಒಂದು ಮೂಲೆ. ಕುಕ್ಕರ್ ಕೂಗಿದರೆ ಎರಡೂ ಕೋಣೆಯ ಬಾಗಿಲು ಒಟ್ಟಿಗೆ ತೆರೆದು ಎರಡು ಮುಖಗಳು ನನ್ನನ್ನು ದುರುಗುಟ್ಟಿ ನೋಡುತ್ತಿದ್ದವು. "ಸ್ಟಿಲ್, ಅಮ್ಮಿ!" ಸದ್ದು ಮಾಡಬೇಡ ಎಂದು ಮಗಳು ಡಚ್ಚಿನಲ್ಲಿ ಗದರುತ್ತಿದ್ದಳು. ಒಂಬತ್ತು ವರ್ಷ ತುಮಕೂರಿನ ಡಿಪ್ಲೊಮಾ ಕಾಲೇಜಿನಲ್ಲಿ ಅರವತ್ತು ಹುಡುಗರನ್ನು ಒಂದೇ ಮಾತಿಗೆ ಸುಮ್ಮನಾಗಿಸುತ್ತಿದ್ದ ನಾನು ನನ್ನ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಈರುಳ್ಳಿ ಹೆಚ್ಚಬೇಕಿತ್ತು.

ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಬೆರ್ಖಿಂಗ್. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಪ್ರತಿ ಮನೆಗೂ ನೆಲಮಟ್ಟದಲ್ಲಿ ಒಂದು ಉಗ್ರಾಣ ಕೊಟ್ಟಿರುತ್ತಾರೆ, ಅದರ ಹೆಸರು ಅದು. ಕಿಟಕಿಯಿಲ್ಲ, ಹೀಟರಿಲ್ಲ. ಮೂರು ಸೈಕಲ್ಲು, ಎರಡು ಸೂಟ್‌ಕೇಸು, ಊರಿನಿಂದ ತಂದು ಒಮ್ಮೆಯೂ ಬಳಸದ ಇಡ್ಲಿ ಪಾತ್ರೆ, ಇವುಗಳ ನಡುವೆ ಒಂದು ಮಡಚುವ ಮೇಜು ಹಾಕಿಕೊಂಡು, ಕೋಟು, ಟೊಪ್ಪಿ, ಎರಡು ಜೊತೆ ಕಾಲುಚೀಲ ತೊಟ್ಟು ಕೂರುತ್ತಿದ್ದೆ. ಬೆರಳು ಮರಗಟ್ಟಿದಾಗ ಲ್ಯಾಪ್‌ಟಾಪಿನ ಹೊಟ್ಟೆಯಡಿ ಕೈ ತೂರಿಸಿ ಕಾಯಿಸಿಕೊಳ್ಳುತ್ತಿದ್ದೆ.

ನಾನು ಅಲ್ಲಿ ಕೂರುತ್ತಿದ್ದುದು ಕೆಲಸಕ್ಕಾಗಿ. ಗಂಡನ ಜೊತೆ ಈ ದೇಶಕ್ಕೆ ಬಂದು ಮೂರು ವರ್ಷ ಸುಮ್ಮನೆ ಕೂತಿದ್ದೆ. ಕೊನೆಗೆ ಒಂದು ಕಂಪನಿ ನನ್ನಂಥವರಿಗಾಗಿ ಪ್ರೋಗ್ರಾಮಿಂಗಿನ ಆರು ತಿಂಗಳ ಆನ್‌ಲೈನ್ ತರಬೇತಿ ನಡೆಸುತ್ತದೆಂದು ಗೊತ್ತಾಗಿ ಅರ್ಜಿ ಹಾಕಿದೆ. ಎಲ್ಲ ಪರೀಕ್ಷೆ ಪಾಸಾದವರಿಗೆ ಅಲ್ಲೇ ಕೆಲಸ. ಪ್ರತಿ ಪರೀಕ್ಷೆಗೂ ಮೂರು ಅವಕಾಶ. ಮೂರನೆಯದರಲ್ಲೂ ಬಿದ್ದರೆ ಮನೆಗೆ. ಸಂದರ್ಶನದಲ್ಲಿ ಅವರು ಹೆಚ್ಚೇನೂ ಕೇಳಲಿಲ್ಲ. ಆಪರೇಟಿಂಗ್ ಸಿಸ್ಟಮ್ ಪಾಠ ಒಂಬತ್ತು ವರ್ಷ ಮಾಡಿದ್ದೇನೆ ಅಂದದ್ದೇ ಸಾಕಾಯಿತು. ನನ್ನ ಹತ್ತಿರ ಇದ್ದ ಆಸ್ತಿ ಅದೊಂದೇ. ಹಾಗಾಗಿ ಜನವರಿಯಲ್ಲಿ ಆಪರೇಟಿಂಗ್ ಸಿಸ್ಟಮ್ಮಿನದೇ ಪರೀಕ್ಷೆ ಬಂದಾಗ ಒಂದು ದಿನವೂ ಓದದೆ ಕೂತೆ. ಆ ಪಾಠ ನನಗೆ ಬಾಯಿಪಾಠವಾಗಿತ್ತು.

ಪ್ರಶ್ನೆ ಪ್ರೋಸೆಸ್ ಹುಟ್ಟಿಸುವುದರ ಮೇಲಿತ್ತು. ಓಡುತ್ತಿರುವ ಪ್ರೋಗ್ರಾಮೊಂದು, ಅದೇ ಪ್ರೋಸೆಸ್, ತನ್ನ ಹಾಗೆಯೇ ಇರುವ ಇನ್ನೊಂದನ್ನು ಹುಟ್ಟಿಸಬಲ್ಲದು. ಹಾಗೆ ಹುಟ್ಟಿಸುವ ಆಜ್ಞೆಗೆ ಫೋರ್ಕ್ ಎಂದು ಹೆಸರು. ಹುಟ್ಟಿಸಿದ್ದು ಪೇರೆಂಟ್, ಹುಟ್ಟಿದ್ದು ಚೈಲ್ಡ್. ನಾನು ಕರಿಹಲಗೆಯ ಮೇಲೆ ಇದರ ಚಿತ್ರವನ್ನು ಕಣ್ಣುಮುಚ್ಚಿಕೊಂಡು ಬಿಡಿಸುತ್ತಿದ್ದೆ. ಇಲ್ಲಿ ಕೇಳಿದ್ದು ಇಷ್ಟೇ: ಪ್ರೋಗ್ರಾಂ ಮೊದಲು 'ಕೆಲಸ ಶುರು' ಎಂಬ ಅರ್ಥದ ಒಂದು ಸಾಲು ಮುದ್ರಿಸಬೇಕು, ಆಮೇಲೆ ಎರಡು ಮಕ್ಕಳನ್ನು ಹುಟ್ಟಿಸಬೇಕು, ಅವು ತಮ್ಮ ಕೆಲಸ ಮಾಡಿ ಮುಗಿಯುವ ತನಕ ಕಾಯಬೇಕು, ಕೊನೆಗೆ 'ಮುಗಿಯಿತು' ಎನ್ನಬೇಕು. ಬರೆದೆ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದೆ. ಸಾಲುಗಳು ಒಂದರ ಹಿಂದೊಂದು ಶಿಸ್ತಾಗಿ ಬಂದವು. ಕಳಿಸಿದೆ.

ಉತ್ತರ ನೋಡುತ್ತಿದ್ದುದು ಮನುಷ್ಯರಲ್ಲ, ಎಲ್ಲೋ ಇದ್ದ ಒಂದು ಸರ್ವರ್. ಅರ್ಧ ನಿಮಿಷದಲ್ಲಿ ಕೆಂಪು ಅಕ್ಷರದಲ್ಲಿ ಹೇಳಿತು: ತಪ್ಪು. ಮೊದಲ ಸಾಲು ಒಂದು ಸಲ ಬರಬೇಕಿತ್ತು, ಮೂರು ಸಲ ಬಂದಿದೆ.

ಮೂರು ಸಲ? ಮತ್ತೆ ಓಡಿಸಿದೆ. ಒಂದೇ ಸಲ ಬಂತು. ಹತ್ತು ಬಾರಿ ಓಡಿಸಿದೆ. ಹತ್ತು ಬಾರಿಯೂ ಒಂದೇ. ಮೇಲೆ ಹೋಗಿ ಇಮ್ತಿಯಾಜರ ಮೀಟಿಂಗು ಮುಗಿಯುವ ತನಕ ಬಾಗಿಲಲ್ಲೇ ಕಾದು ನಿಂತು ಹೇಳಿದೆ. ನಮ್ಮ ಮನೆಯ ಮಾತು ದಖನಿ ಉರ್ದು, ಆದರೆ ಜಗಳಕ್ಕೆ ಮಾತ್ರ ಇಬ್ಬರೂ ಕನ್ನಡಕ್ಕೆ ಬರುತ್ತೇವೆ. ಆಲಿಯಾಗೆ ಅದು ಅಷ್ಟಾಗಿ ತಿಳಿಯುವುದಿಲ್ಲ, ಅನುಕೂಲ.

"ಆ ಸರ್ವರ್ರೇ ಸರಿ ಇಲ್ಲ ರೀ. ನನ್ ಪ್ರೋಗ್ರಾಂ ಕರೆಕ್ಟಾಗಿದೆ."

"ಕುಣಿಯಕ್ಕೆ ಬರದೇ ಇರೋವ್ಳು ನೆಲ ಡೊಂಕು ಅಂದ್ಳಂತೆ," ಅಂದರು ಇಮ್ತಿಯಾಜ್, ಹೆಡ್‌ಫೋನ್ ಕೂಡ ತೆಗೆಯದೆ.

"ನಾನು ಇದನ್ನ ಒಂಬತ್ತು ವರ್ಷ ಹೇಳ್ಕೊಟ್ಟಿದೀನಿ."

"ಹೇಳ್ಕೊಟ್ಟಿದೀಯ. ಮಾಡಿದೀಯಾ?"

ಆ ದಿನ ಮಧ್ಯಾಹ್ನ ಅವರಿಗೆ ಬ್ರೆಡ್ಡು, ಚೀಸು. ಬಿರಿಯಾನಿ ಮಾಡೋಣ ಅಂದುಕೊಂಡಿದ್ದವಳು ಮಾಡಲಿಲ್ಲ.

ಸಿಟ್ಟು ಇಳಿದ ಮೇಲೆ ಯೋಚಿಸಿದೆ. ಆಗ ನನಗೆ ಹೊಳೆದದ್ದು ನನ್ನ ನೋಟ್ಸು. ಪ್ರತಿ ವರ್ಷ ಅದೇ ವಾಕ್ಯ ಡಿಕ್ಟೇಟ್ ಮಾಡುತ್ತಿದ್ದೆ: ಫೋರ್ಕ್ ಆದ ಮೇಲೆ ಚೈಲ್ಡ್ ಪ್ರೋಸೆಸ್ ಪ್ರೋಗ್ರಾಮಿನ ಮೊದಲ ಸಾಲಿನಿಂದ ಓಡಲು ಶುರು ಮಾಡುತ್ತದೆ. ಐದು ಅಂಕದ ಪ್ರಶ್ನೆ, ಅಂದವಾದ ಚಿತ್ರ ಬಿಡಿಸಿದರೆ ಐದಕ್ಕೆ ಐದು. ಹಾಗಿದ್ದರೆ ಎರಡು ಮಕ್ಕಳೂ ಮೊದಲ ಸಾಲಿನಿಂದ ಓಡಿರಬೇಕು, ಅಮ್ಮನದೊಂದು ಮಕ್ಕಳವೆರಡು ಸೇರಿ ಮೂರು. ಸರ್ವರ್ ಹೇಳುತ್ತಿರುವುದು ನನ್ನ ನೋಟ್ಸಿನ ಮಾತನ್ನೇ! ನನ್ನ ಸ್ಕ್ರೀನು ಯಾಕೋ ಸುಳ್ಳು ಹೇಳುತ್ತಿದೆ. ಆಗಲಿ ಎಂದು, ಆ ಮೊದಲ ಸಾಲನ್ನು ಕಿತ್ತು, ಫೋರ್ಕ್ ಆದ ಮೇಲೆ ಪೇರೆಂಟ್ ಮಾತ್ರ ಹೇಳುವ ಹಾಗೆ ಬರೆದೆ. ನನ್ನಲ್ಲಿ ಸರಿಯಾಗಿ ಬಂತು. ಕಳಿಸಿದೆ. ಮತ್ತೆ ಕೆಂಪು. ಈ ಸಲ 'ಕೆಲಸ ಶುರು' ಒಂದೇ ಸಲ ಇತ್ತು, ಆದರೆ ಮಕ್ಕಳು ತಮ್ಮ ಕೆಲಸವನ್ನೆಲ್ಲ ಮುಗಿಸಿದ ಮೇಲೆ ಬಂದಿತ್ತು. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಎರಡು ಅವಕಾಶ ಹೋಯಿತು.

ನಮ್ಮ ತರಬೇತುದಾರ ಮಾರ್ಟೈನ್ ಎಂಬ ಡಚ್ಚ, ಮೂವತ್ತು ದಾಟದ ಹುಡುಗ. ವಾರಕ್ಕೊಮ್ಮೆ ಹದಿನೈದು ನಿಮಿಷ ವಿಡಿಯೋದಲ್ಲಿ ಸಿಗುತ್ತಿದ್ದ. ನಾನು ಬೆರ್ಖಿಂಗ್‌ನ ಗೋಡೆಗೆ ಒಂದು ಹಳೆಯ ಬೆಡ್‌ಶೀಟು ನೇತುಹಾಕಿ, ಸೈಕಲ್ಲು ಕಾಣದ ಹಾಗೆ ಮಾಡಿ ಕೂತೆ. ನನ್ನ ನೋಟ್ಸಿನ ವಾಕ್ಯವನ್ನು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿ, ಸರ್ವರ್ ಕೂಡ ಅದನ್ನೇ ತೋರಿಸುತ್ತಿದೆ, ಸ್ಕ್ರೀನಿನಲ್ಲಿ ಬರುತ್ತಿರುವುದೇ ತಪ್ಪು ಎಂದು ವಾದಿಸಿದೆ.

"ಇಲ್ಲ," ಅಂದ. ಈ ದೇಶದವರು ಇಲ್ಲ ಎನ್ನುವುದಕ್ಕೆ ಮುಂಚೆ ಒಂದು ಚೂರೂ ಸಕ್ಕರೆ ಸೇರಿಸುವುದಿಲ್ಲ. "ಮಗು ಹುಟ್ಟಿದ ಜಾಗದಿಂದಲೇ ಮುಂದಕ್ಕೆ ಓಡುತ್ತದೆ. ಮೊದಲಿನಿಂದ ಅಲ್ಲ."

"ನಾನು ಇದನ್ನು ಒಂಬತ್ತು ವರ್ಷ ಕಲಿಸಿದ್ದೇನೆ."

"ಸರಿ. ಮಗು ಮೊದಲ ಸಾಲಿನಿಂದ ಶುರು ಮಾಡಿದರೆ, ಫೋರ್ಕ್ ಸಾಲು ಅದಕ್ಕೂ ಸಿಗುತ್ತದಲ್ಲ? ಆಗ ಅದಕ್ಕೂ ಮಗು ಹುಟ್ಟುತ್ತದೆ. ಆ ಮಗುವೂ ಮೊದಲಿನಿಂದ ಶುರು ಮಾಡುತ್ತದೆ. ಎಲ್ಲಿಗೆ ನಿಲ್ಲುತ್ತದೆ, ಜಬೀನಾ?"

ನಿಲ್ಲುವುದಿಲ್ಲ. ನಿಲ್ಲಲು ಸಾಧ್ಯವೇ ಇಲ್ಲ. ನನ್ನ ವಾಕ್ಯ ನಿಜವಾಗಿದ್ದರೆ ತುಮಕೂರಿನ ಲ್ಯಾಬಿನ ಅಷ್ಟೂ ಕಂಪ್ಯೂಟರುಗಳು ಮಕ್ಕಳು ಮೊಮ್ಮಕ್ಕಳು ಮರಿಮಕ್ಕಳಿಂದ ತುಂಬಿ ಸತ್ತುಹೋಗಬೇಕಿತ್ತು. ಇಷ್ಟು ಸಣ್ಣ ಮಾತು ಒಂಬತ್ತು ವರ್ಷದಲ್ಲಿ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ಪುಸ್ತಕದ ಬದನೆಕಾಯಿ ಎಂದು ನಾನು ಎಷ್ಟು ಹುಡುಗರನ್ನು ಬೈದಿದ್ದೇನೋ.

"ಹಾಗಾದರೆ ಮೂರು ಸಲ ಯಾಕೆ ಬಂತು?" ಅಂದೆ.

"ಅದು ಪರೀಕ್ಷೆಯ ಪ್ರಶ್ನೆ, ನಾನು ಹೇಳುವ ಹಾಗಿಲ್ಲ," ಎಂದು ಅವನು ಗಡಿಯಾರ ನೋಡಿದ. ಹದಿನೈದು ನಿಮಿಷವಾಗಿತ್ತು.

ಕ್ಯಾಮೆರಾ ಆರಿಸಿ ಅತ್ತೆ. ಚಳಿಗೋ ಅವಮಾನಕ್ಕೋ ಹಲ್ಲು ಕಟಕಟ ಅನ್ನುತ್ತಿತ್ತು. ಅವನ ಮಾತು ಸರಿ ಎಂದು ಬುದ್ಧಿಗೆ ಗೊತ್ತಾಗಿತ್ತು, ಆದರೂ ಒಳಗೊಂದು ದನಿ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಿತ್ತು. ಮೂರು ಸಲ ಬಂದದ್ದಂತೂ ಸುಳ್ಳಲ್ಲವಲ್ಲ.

ಫೆಬ್ರುವರಿಯಲ್ಲಿ ಹಿಮ ಬಿತ್ತು. ಕಾಲುವೆಗಳು ಗಟ್ಟಿಯಾಗಿ, ವೂರ್‌ಬರ್ಗಿಗೆ ವೂರ್‌ಬರ್ಗೇ ಸ್ಕೇಟು ಕಟ್ಟಿಕೊಂಡು ಹೊರಗೆ ಬಂತು. ಎಷ್ಟೋ ವರ್ಷಕ್ಕೆ ಹೀಗಾದದ್ದು ಎಂದು ಪಕ್ಕದ ಮನೆಯ ಅಜ್ಜಿ ಮಾಸ್ಕಿನೊಳಗಿನಿಂದಲೇ ಕೂಗಿ ಹೇಳಿದರು. ಆಲಿಯಾ ಹೋಗೋಣ ಹೋಗೋಣ ಎಂದು ಬೆರ್ಖಿಂಗ್‌ನ ಬಾಗಿಲು ಬಡಿದಳು. "ನನಗೆ ಪರೀಕ್ಷೆಯಿದೆ, ಹೋಗು ಇಲ್ಲಿಂದ!" ಎಂದು ಕಿರುಚಿದೆ. ಅವಳು ಅಪ್ಪನ ಜೊತೆ ಹೋದಳು. ಅದಾದ ನಾಲ್ಕೇ ದಿನಕ್ಕೆ ಹಿಮ ಕರಗಿತು. ಅವಳು ಮಂಜುಗಡ್ಡೆಯ ಮೇಲೆ ಮೊದಲ ಸಲ ಬೀಳದೆ ನಿಂತದ್ದನ್ನು ನಾನು ಇವತ್ತಿಗೂ ಇಮ್ತಿಯಾಜರ ಫೋನಿನಲ್ಲಷ್ಟೇ ನೋಡಿದ್ದೇನೆ. ಅದರ ನಂತರ ಅಂಥ ಚಳಿಯೇ ನಮ್ಮ ಕಡೆ ಬಂದಿಲ್ಲ.

ಅದೇ ದಿನಗಳಲ್ಲಿ ಕುಮಾರಸ್ವಾಮಿಯ ಫೋನು ಬಂತು. ಅವನು ತುಮಕೂರಿನಲ್ಲಿ ನನ್ನ ವಿದ್ಯಾರ್ಥಿ. ಡಿಪ್ಲೊಮಾ ಮುಗಿಸಿ, ಇಂಜಿನಿಯರಿಂಗ್ ಮಾಡಿ, ಆಗ ಮಾಸ್ಟ್ರಿಕ್ಟ್‌ನಲ್ಲಿ ಎಂಎಸ್ ಓದುತ್ತಿದ್ದ. ನಾನು ಇದೇ ದೇಶದಲ್ಲಿದ್ದೇನೆಂದು ತಿಳಿದಾಗಿನಿಂದ ತಿಂಗಳಿಗೊಮ್ಮೆ ಕರೆ ಮಾಡುತ್ತಿದ್ದ.

"ಮೇಡಂ, ಹೇಗಿದೀರಾ? ಟ್ರೈನಿಂಗ್ ಹೇಗ್ ನಡೀತಿದೆ?"

"ಚೆನ್ನಾಗ್ ನಡೀತಿದೆ ಕಣೋ. ಆಪರೇಟಿಂಗ್ ಸಿಸ್ಟಮ್ ಈಗ."

"ಅಯ್ಯೋ, ಅದ್ರಲ್ಲಿ ನಿಮಗೇನ್ ಮೇಡಂ, ನೀರ್ ಕುಡಿದಂಗೆ. ನಿಮ್ಮ ನೋಟ್ಸ್ ನನಗೆ ಇನ್ನೂ ಬಾಯಿಪಾಠ, ಹೇಳ್ಲಾ?" ಎಂದವನೇ, ಫೋರ್ಕಿನ ಆ ಅರ್ಧ ಪುಟವನ್ನು ನಾನು ಎಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದೆನೋ ಅಲ್ಲೇ ಉಸಿರು ಎಳೆದು, ನನ್ನದೇ ದನಿಯಲ್ಲಿ ಒಪ್ಪಿಸಿದ. ಮೊದಲ ಸಾಲಿನಿಂದ ಓಡಲು ಶುರು ಮಾಡುತ್ತದೆ ಎನ್ನುವುದೂ ಬಂತು. ಅವನು ನಕ್ಕ. ನಾನೂ ನಕ್ಕ ಹಾಗೆ ಮಾಡಿ, ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಕೊನೆಯ ಅವಕಾಶಕ್ಕೆ ಐದು ದಿನ ಉಳಿದಿತ್ತು. ಸ್ಕ್ರೀನು ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. ನನಗೆ ಏನೇ ಆಗಲಿ ಕಾಗದದ ಮೇಲೆ ಇದ್ದರೇ ಅರ್ಥವಾಗುವುದು, ಪೆನ್ಸಿಲ್ ಹಿಡಿದು ಗೆರೆ ಎಳೆಯಬೇಕು. ಮೊದಲು ಬರೆದ ಪ್ರೋಗ್ರಾಮನ್ನೇ ತೆಗೆದು, ಅದರ ಔಟ್‌ಪುಟ್ಟನ್ನು ಸ್ಕ್ರೀನಿಗೆ ಬಿಡದೆ ಒಂದು ಫೈಲಿಗೆ ಹಾಕಿ, ಮೇಲೆ ಹೋಗಿ, ಆಲಿಯಾಳ ಶಾಲೆಯ ಹಾಳೆಗಳನ್ನು ಮುದ್ರಿಸಲು ಕೊಂಡಿದ್ದ ಪ್ರಿಂಟರಿನಲ್ಲಿ ಪ್ರಿಂಟ್ ತೆಗೆದೆ.

ಕಾಗದದ ಮೇಲೆ ಮೊದಲ ಸಾಲು ಮೂರು ಸಲ ಇತ್ತು.

ಅದೇ ಪ್ರೋಗ್ರಾಂ, ಅದೇ ಲ್ಯಾಪ್‌ಟಾಪು. ಸ್ಕ್ರೀನಿಗೆ ಬಿಟ್ಟರೆ ಒಂದು ಸಲ, ಫೈಲಿಗೆ ಹಾಕಿದರೆ ಮೂರು ಸಲ. ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಆ ಕಾಗದ ನನಗೆ ಹೊಸದಾಗಿರಲಿಲ್ಲ. ತುಮಕೂರಿನಲ್ಲಿ ಪ್ರತಿ ವಿದ್ಯಾರ್ಥಿಗೂ ಲ್ಯಾಬ್ ರೆಕಾರ್ಡ್ ಎಂಬ ದಪ್ಪ ಪುಸ್ತಕ ಇರುತ್ತದೆ. ಪ್ರೋಗ್ರಾಂ ಕೈಯಲ್ಲಿ ಬರೆದು, ಔಟ್‌ಪುಟ್ಟಿನ ಪ್ರಿಂಟ್ ಕತ್ತರಿಸಿ ಪಕ್ಕದಲ್ಲಿ ಅಂಟಿಸಬೇಕು, ಆಮೇಲೆ ನನ್ನ ಸಹಿ. ಸ್ಕ್ರೀನನ್ನು ಅಂಟಿಸಲಾಗುವುದಿಲ್ಲವಲ್ಲ, ಹಾಗಾಗಿ ಎಲ್ಲರೂ ಔಟ್‌ಪುಟ್ಟನ್ನು ಫೈಲಿಗೆ ಹಾಕಿ, ಮೂಲೆಯಲ್ಲಿದ್ದ ಒಂದೇ ಪ್ರಿಂಟರಿನ ಮುಂದೆ ಸಾಲು ನಿಲ್ಲುತ್ತಿದ್ದರು. ನಾನು ಪಾಠ ಶುರು ಮಾಡಿದ ಮೊದಲ ವರ್ಷ, ಒಂದೇ ಮಗು ಹುಟ್ಟಿಸುವ ಪ್ರೋಗ್ರಾಮಿನ ಅಂಥದೊಂದು ಪ್ರಿಂಟಿನಲ್ಲಿ ಮೊದಲ ಸಾಲು ಎರಡು ಸಲ ಬಂದಿರುವುದನ್ನು ನೋಡಿ, ಓಹೋ, ಮಗು ಮೊದಲಿನಿಂದ ಓಡುತ್ತದೆ ಎಂದು ನಾನೇ ತೀರ್ಮಾನಿಸಿ ನೋಟ್ಸಿಗೆ ಸೇರಿಸಿದ್ದೆ. ಪುಸ್ತಕ ತೆರೆದು ನೋಡಿರಲಿಲ್ಲ. ಕಣ್ಣಾರೆ ಕಂಡದ್ದಕ್ಕೆ ಪುಸ್ತಕ ಯಾಕೆ?

ನಿಜ ಏನೆಂದು ತಿಳಿಯಲು ಇನ್ನೆರಡು ದಿನ ಹಿಡಿಯಿತು. ಪ್ರೋಗ್ರಾಂ ಫೈಲಿಗೆ ಬರೆಯುವಾಗ ಪ್ರತಿ ಸಾಲನ್ನೂ ಆಗಿಂದಾಗಲೇ ಬರೆಯುವುದಿಲ್ಲ, ಬಫರ್ ಎಂಬ ಜಾಗದಲ್ಲಿ ಕೂಡಿಟ್ಟುಕೊಂಡು ಆಮೇಲೆ ಒಟ್ಟಿಗೆ ಸುರಿಯುತ್ತದೆ. ಸ್ಕ್ರೀನಿಗಾದರೆ ಸಾಲು ಮುಗಿದ ತಕ್ಷಣ ಹೇಳಿಬಿಡುತ್ತದೆ. ಆ ಸರ್ವರ್ ನೋಡುತ್ತಿದ್ದುದೂ ಫೈಲನ್ನೇ. ಫೋರ್ಕ್ ಆದಾಗ ಮಗುವಿಗೆ ಅಮ್ಮನಲ್ಲಿರುವ ಎಲ್ಲದರ ನಕಲೂ ಸಿಗುತ್ತದೆ, ಅಮ್ಮ ಇನ್ನೂ ಬಾಯಲ್ಲೇ ಇಟ್ಟುಕೊಂಡಿರುವ ಮಾತೂ ಸೇರಿ. ಆಮೇಲೆ ಅಮ್ಮನೂ ಅದನ್ನು ಹೇಳುತ್ತಾಳೆ, ಮಕ್ಕಳೂ ಹೇಳುತ್ತವೆ. ಮಗು ಮೊದಲಿನಿಂದ ಓಡಿದ್ದಲ್ಲ, ಅಮ್ಮ ಹೇಳದೆ ಬಿಟ್ಟಿದ್ದನ್ನು ಹೇಳಿದೆ, ಅಷ್ಟೇ. ಎರಡನೇ ಸಲ 'ಕೆಲಸ ಶುರು' ತಡವಾಗಿ ಬಂದದ್ದೂ ಅಮ್ಮ ಅದನ್ನು ಕೊನೆಯವರೆಗೆ ಬಾಯಲ್ಲೇ ಇಟ್ಟುಕೊಂಡಿದ್ದರಿಂದ. ಮಾಡಬೇಕಿದ್ದದ್ದು ಒಂದೇ ಕೆಲಸ: ಮಕ್ಕಳನ್ನು ಹುಟ್ಟಿಸುವುದಕ್ಕೆ ಮುಂಚೆ ಬಫರಿನಲ್ಲಿದ್ದದ್ದನ್ನು ಖಾಲಿ ಮಾಡಿಸುವ ಒಂದು ಸಾಲು. ಸೇರಿಸಿದೆ. ಪ್ರಿಂಟ್ ತೆಗೆದೆ. ಒಂದೇ ಸಲ ಬಂತು. ಕಳಿಸಿದೆ, ಹಸಿರು ಬಂತು.

ಇಮ್ತಿಯಾಜ್ ಇಂಡಿಯನ್ ಅಂಗಡಿಗೆ ಹೋಗಿ ಮಿಠಾಯಿ ತಂದರು. ಮಾರ್ಟೈನ್ 'ಚೆನ್ನಾಗಿದೆ' ಎಂದು ಒಂದೇ ಪದ ಬರೆದ. ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆಯಿತು, ಒಂದು ಗಂಟೆ. ಆಮೇಲೆ ಲೆಕ್ಕಕ್ಕೆ ಸಿಗದಷ್ಟು ಮುಖಗಳು ಕಣ್ಣ ಮುಂದೆ ಬರತೊಡಗಿದವು. ನೀಲಿ ಶರ್ಟಿನ ಯೂನಿಫಾರ್ಮು, ತಗ್ಗಿಸಿದ ತಲೆಗಳು, ನಾನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದ ಕೈಗಳು. ಈಗ ನನ್ನ ತಲೆಯಲ್ಲಿ ಎಷ್ಟು ತಿದ್ದಿಕೊಂಡರೂ ಅವರ ಪುಸ್ತಕದಲ್ಲಿ ಅದು ತಿದ್ದಿಕೊಳ್ಳುವುದಿಲ್ಲ. ಎರಡು ದಿನ ತಡೆದೆ. ಮೂರನೇ ದಿನ ಬೆಳಗ್ಗೆ, ಆಲಿಯಾ ಮತ್ತೆ ತೆರೆದ ಶಾಲೆಗೆ ಹೋದ ಮೇಲೆ, ಕುಮಾರಸ್ವಾಮಿಗೆ ನಾನೇ ಫೋನ್ ಮಾಡಿದೆ.

"ಕುಮಾರ, ನಾನು ನಿಮಗೆಲ್ಲ ತಪ್ಪು ಹೇಳ್ಕೊಟ್ಟಿದೀನಿ ಕಣೋ. ಫೋರ್ಕ್ ಆದ್ಮೇಲೆ ಚೈಲ್ಡು ಮೊದಲನೇ ಲೈನಿಂದ ಓಡಲ್ಲ."

"ಗೊತ್ತು ಮೇಡಂ," ಅಂದ.

"ಗೊತ್ತಾ? ಯಾವಾಗಿಂದ?"

"ಇಂಜಿನಿಯರಿಂಗ್ ಸೆಕೆಂಡ್ ಇಯರ್ರಲ್ಲಿ."

"ಮತ್ತೆ ಮೊನ್ನೆ ಅಷ್ಟು ಚೆನ್ನಾಗಿ ಒಪ್ಪಿಸ್ದಲ್ಲೋ! ಒಂದು ಮಾತು ಹೇಳ್ಬಾರ್ದಿತ್ತಾ?"

"ನಿಮಗೆ ಹೇಗ್ ಮೇಡಂ ಹೇಳೋದು? ತಮಾಷೆಗೆ ಅಂತ..." ಎಂದು ತಡವರಿಸಿದ.

ನನಗೆ ಅಳುವಷ್ಟು ಸಿಟ್ಟು ಬಂತು. ಅವನ ಮೇಲೋ, ನನ್ನ ಮೇಲೋ, ಮೇಡಂ ಎನ್ನುವ ಆ ಪದದ ಮೇಲೋ ತಿಳಿಯಲಿಲ್ಲ. ಸಿಟ್ಟಿನಲ್ಲೇ ಅಂದೆ: "ಒಂಬತ್ತು ವರ್ಷ, ಒಬ್ಬರಾದ್ರೂ ಕೇಳ್ಲಿಲ್ವಲ್ಲೋ! ಸ್ಕ್ರೀನಲ್ಲಿ ಒಂದ್ ಸಲ ಬರತ್ತೆ, ಪ್ರಿಂಟಲ್ಲಿ ಎರಡ್ ಸಲ ಬರತ್ತೆ, ಯಾಕೆ ಅಂತ ಒಬ್ಬ, ಒಬ್ಬೇ ಒಬ್ಬ ಕೇಳಿದ್ದಿದ್ರೆ ನಾನು ಅವತ್ತೇ ಕೂತು ನೋಡ್ತಿದ್ದೆ."

"ಮೇಡಂ," ಅಂದ ಕುಮಾರಸ್ವಾಮಿ, ತೀರಾ ಮೆಲ್ಲಗೆ. "ನಾನು ಕೇಳಿದ್ದೆ."

"ಯಾವಾಗ?"

"ಲ್ಯಾಬಲ್ಲಿ. ರೆಕಾರ್ಡ್ ಸೈನ್ ಮಾಡಿಸಕ್ಕೆ ಬಂದಾಗ. ನಾನು ಪ್ರಿಂಟ್ ಅಂಟಿಸಿರ್ಲಿಲ್ಲ, ಸ್ಕ್ರೀನಲ್ಲಿ ಬಂದಿದ್ದನ್ನ ಕೈಯಲ್ಲಿ ಬರ್ಕೊಂಡ್ ಬಂದಿದ್ದೆ. ನೀವು ರೆಡ್ ಇಂಕಲ್ಲಿ ಹೊಡೆದು, ಪ್ರಿಂಟಲ್ಲಿ ಬಂದಿದ್ದೇ ಸರಿ, ಅದನ್ನ ಅಂಟಿಸ್ಕೊಂಡ್ ಬಾ, ಟೈಮ್ ವೇಸ್ಟ್ ಮಾಡ್ಬೇಡ ಅಂದ್ರಿ."

"ಆಮೇಲೆ?"

"ಅಂಟಿಸ್ದೆ ಮೇಡಂ."

ಹೊರಗೆ ಪಕ್ಕದ ಮನೆಯ ಅಜ್ಜಿ ಬಾಲ್ಕನಿ ತೊಳೆಯುತ್ತಿದ್ದರು. ಕುಮಾರಸ್ವಾಮಿ ಬಿಡಿ ಮೇಡಂ, ಎಷ್ಟೋ ವರ್ಷದ ಮಾತು, ಎಂದು ಸಮಾಧಾನ ಹೇಳುತ್ತಿದ್ದ. ನಾನು ತಪ್ಪಾಯ್ತು ಕಣೋ ಅಂದೆ. ಅವನು ಅಯ್ಯೋ ಅಯ್ಯೋ ಅಂದ. ಆ ಚಳಿಗಾಲದ ಒಂದೊಂದು ದಿನವೂ ನನಗೆ ಸ್ಪಷ್ಟವಾಗಿ ನೆನಪಿದೆ, ಮಾರ್ಟೈನ್ ಗಡಿಯಾರ ನೋಡಿದ್ದು ಕೂಡ. ಆದರೆ ತುಮಕೂರಿನ ಆ ಲ್ಯಾಬಿನಲ್ಲಿ ಒಬ್ಬ ಹುಡುಗ ರೆಕಾರ್ಡ್ ಹಿಡಿದು ನನ್ನ ಮೇಜಿನ ಮುಂದೆ ನಿಂತದ್ದು, ಕೇಳಿದ್ದು, ನಾನು ಕೆಂಪು ಪೆನ್ನು ಎತ್ತಿದ್ದು, ಅದು ಮಾತ್ರ ಎಷ್ಟು ಯೋಚಿಸಿದರೂ ನನಗೆ ನೆನಪಾಗುವುದಿಲ್ಲ.